ಲೈನ್ ನಿಂತಾಗ ಬರುವ ಹಾಡು

ಸ್ಟರ್ಲಿಂಗ್ ಹೈಟ್ಸ್‌ನ ಕಾರಿನ ಪ್ಲಾಂಟೊಂದರಲ್ಲಿ ಮಷಿನ್ ನಿಂತರೆ ಸೈರನ್ ಕೂಗುವುದಿಲ್ಲ, ಹಾಡು ಬರುತ್ತದೆ. ಕಾರು ಜೋಡಿಸುವ ಯಾವ ಲೈನ್ ನಿಂತಿದೆ ಅಂತ ಕೇಳಿದ ಕೂಡಲೇ ಗೊತ್ತಾಗಲಿ ಅಂತ ಒಂದೊಂದು ಲೈನಿಗೆ ಒಂದೊಂದು ಹಾಡು. ನಾನು ಹೊಸ ರೋಬೋಟ್ ಕೂರಿಸಲು ಹೋಗಿದ್ದ ಲೈನಿನದು ಜಮೈಕಾದ ಹಳೇ ರೆಗ್ಗೆ ಹಾಡು. ಒಂದು ಪೂರ್ತಿ ಶಿಫ್ಟ್ ಅದು ಬರದೆ ಕಳೆದರೆ ಮಾತ್ರ ನನಗೆ ಲೊಂಬಾರ್ಡ್ ಊರಿನ ನನ್ನ ಮನೆಗೆ ಬಿಡುಗಡೆ. ನನ್ನ ರೋಬೋಟೋ, ಗಂಟೆಗೆ ನಾಲ್ಕು ಸಲ ನಿಲ್ಲುತ್ತಿತ್ತು.

ಮೂರನೇ ವಾರ ತಡೆಯಲಾಗದೆ, ಲೈನ್ ನೋಡಿಕೊಳ್ಳುವ ಡೆನೀಸ್ ಹತ್ತಿರ ಹೋಗಿ, "ಈ ಹಾಡೊಂದನ್ನ ಬದಲಾಯಿಸ್ತೀರಾ?" ಅಂದೆ.

ಆಕೆ ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದರು: "ನಮ್ಮಪ್ಪ ಜಮೈಕಾದಿಂದ ಬಂದು ಇಲ್ಲಿ ಕೆಲಸಕ್ಕೆ ಸೇರಿದಾಗ ಇದು ಹೊಸ ಹಾಡು. ಈ ಲೈನಿಗೆ ಹಾಕಿಸಿದ್ದೂ ಅವರೇ. ಆಮೇಲೆ ಎಷ್ಟೋ ಹಾಡು ಹಾಕಿ ನೋಡಿದ್ವಿ. ದಿನಕ್ಕೆ ಮೂವತ್ತು ಸಲ ಕೇಳಿದರೆ ಎಂಥ ಹಾಡಾದರೂ ವಾರದಲ್ಲಿ ವಾಕರಿಕೆ ಬರುತ್ತೆ. ತಡೆದುಕೊಂಡಿದ್ದು ಇದೊಂದೇ. ನೀವು ರೋಬೋಟ್ ಸರಿಮಾಡಿ."

ಐದನೇ ವಾರ, ಒಂದು ಗುರುವಾರ, ಶಿಫ್ಟ್ ಮುಗಿಯುವವರೆಗೂ ಹಾಡು ಬರಲಿಲ್ಲ. ಡೆನೀಸ್ ನನ್ನ ಕೆಲಸ ಮುಗಿಯಿತು ಅಂತ ಸಹಿ ಹಾಕಿಕೊಟ್ಟರು.

ಶನಿವಾರ ಲೊಂಬಾರ್ಡಿನಲ್ಲಿ ಗೆಳೆಯನ ಮಗಳ ಬರ್ತ್‌ಡೇ. ಊಟದ ಮಧ್ಯೆ ಅದೇ ಹಾಡು ಬಂತು. ಮಕ್ಕಳು, ಆಂಟಿಯರು, ಮೈಸೂರಿಂದ ಬಂದಿದ್ದ ಅಜ್ಜಿ, ಎಲ್ಲರೂ ಕುಣಿಯಲು ಎದ್ದರು. ಕೈಲಿದ್ದ ತಟ್ಟೆ ಇಟ್ಟು ನಾನೂ ದಡಕ್ಕನೆ ಎದ್ದೆ.

"ಅಂಕಲ್, ಯು ಲವ್ ದಿಸ್ ಸಾಂಗ್ ಟೂ?" ಅಂದಳು ಬರ್ತ್‌ಡೇ ಹುಡುಗಿ.

ಹೂಂ ಅಂದೆ. ಯಾವ ಮಷಿನ್ ನಿಂತಿದೆ ಅಂತ ನೋಡಲು ಎದ್ದೆ ಅಂತ ಹೇಳುವುದು ಹೇಗೆ?