ಹುಸೇನಬಿಯ ಹೆಸರಿನ ಅಂಗಡಿ

ನಿನ್ನ ರೇಷನ್ ಕಾರ್ಡು ರದ್ದಾದದ್ದು ನನ್ನಿಂದ, ಹುಸೇನಬಿ. ನಿನ್ನ ಸೊಸೆ ಶಬಾನಾಳಿಂದ ಅಲ್ಲ. ಇಷ್ಟನ್ನು ನಿನ್ನೆದುರು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ, ಮುಚ್ಚಿದ್ದೇನೆ. ನಮ್ಮ ಹಿಂದಿನ ಓಣಿಯೇ ನಿಮ್ಮದು. ಮಸ್ಕಿಯ ಸರ್ಕಾರಿ ಶಾಲೆಯಲ್ಲಿ ದಿನವಿಡೀ ಗಂಟಲು ಹರಿದುಕೊಳ್ಳುವ ನನಗೆ ನಿನ್ನ ಮುಂದೆ ದನಿಯೇ ಏಳುವುದಿಲ್ಲ.

ಹಳೇ ಸೀರೆಗಳಿಂದ ನೀನು ಹೊಲಿದ ಕೌದಿಗಳ ಫೋಟೋ ತೆಗೆದು ಫೋನಿನಲ್ಲಿ ಮಾರಲು ಶುರು ಮಾಡಿದವಳು ನಾನು. ಮೊದಲು ಗುರುತಿನವರಿಗೆ. ಆಮೇಲೆ ದೂರದವರೂ ಕೇಳತೊಡಗಿದರು. ದೊಡ್ಡ ಆನ್‌ಲೈನ್ ಅಂಗಡಿಗೆ ಹಾಕಬೇಕೆಂದರೆ ಜಿಎಸ್‌ಟಿ ನಂಬರು ಬೇಕೆಂದರು. ನಾನು ಸರ್ಕಾರಿ ನೌಕರಿಯವಳು — ಇಲಾಖೆಯ ಅನುಮತಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಅನುಮತಿ ಕೇಳಬಹುದಿತ್ತು. ಕೇಳಲಿಲ್ಲ. ಸ್ಟಾಫ್ ರೂಮಿನಲ್ಲಿ ನಗುತ್ತಾರೆ, ಸಾಹೇಬರು ಇಲ್ಲ ಅಂದುಬಿಟ್ಟರೆ ಗತಿಯೇನು — ಹೀಗೆಲ್ಲ ಅಂದುಕೊಂಡು ಕಳ್ಳದಾರಿ ಹಿಡಿದೆ.

ಮಸ್ಕಿಯಲ್ಲಿ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆಂದು ನಿನ್ನನ್ನು ಲಿಂಗಸುಗೂರಿಗೆ, ಟ್ಯಾಕ್ಸ್ ಕೆಲಸ ಮಾಡುವವನೊಬ್ಬನ ಹತ್ತಿರ ಕರೆದುಕೊಂಡು ಹೋದೆ. ಅಂಗಡಿ ನಿನ್ನ ಹೆಸರಿನಲ್ಲೇ ಇರಲಿ, ಹೊಲಿಯುವವಳು ನೀನಲ್ಲವೇ ಅಂದೆ, ದೊಡ್ಡ ಉಪಕಾರ ಮಾಡುವವಳ ಹಾಗೆ. ನಿನ್ನ ಕಣ್ಣು ತುಂಬಿ ಬಂತು. ಬಸ್‌ಸ್ಟ್ಯಾಂಡಿನಲ್ಲಿ ನೀನೇ ನನಗೆ ಚಹಾ ಕುಡಿಸಿದ್ದೀ. ಸರ್ಕಾರದಾಗ ನನ್ನ ಹೆಸರು ಬಂತು ಅಂತ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೀ. ಆ ನಂಬರಿನಿಂದ ನಿನ್ನ ಕಾರ್ಡಿಗೆ ಕುತ್ತು ಬರುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ. ಅದು ನಿಜ. ಆದರೆ ಗೊತ್ತು ಮಾಡಿಕೊಳ್ಳಲೂ ಹೋಗಲಿಲ್ಲ — ಅದೂ ನಿಜ.

ಒಂದು ದಿನ ರೇಷನ್ ಅಂಗಡಿಯವನು ಅಕ್ಕಿ ಕೊಡಲಿಲ್ಲ. ಅದರ ಬೆನ್ನಿಗೇ ಗೃಹಲಕ್ಷ್ಮಿ ಹಣವೂ ನಿಂತಿತು. ನೀನು ನನ್ನನ್ನೇ ತಾಲೂಕು ಕಚೇರಿಗೆ ಕರೆದುಕೊಂಡು ಹೋದೆ, ಓದಿದವಳು ಜೊತೆಗಿರಲಿ ಅಂತ. ಗುಮಾಸ್ತ ಮಾತಾಡದೆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, ಮುಂದಿನವನ ಕಾಗದ ಇಸಿದುಕೊಂಡ. ಕುಟುಂಬದಲ್ಲಿ ಜಿಎಸ್‌ಟಿ ನೋಂದಣಿ ಇದೆ, ಕಾರ್ಡು ರದ್ದು — ಎಂದಿತ್ತು.

"ಏನಂತ ಬರದೈತ್ರೀ ಅಕ್ಕೋರೆ?" ಅಂತ ನೀನು ಕೇಳಿದೆ.

"ಮೊನ್ನೆ ಸೊಸಿ ಹೆಸರು ಸೇರಿಸಿದ್ರಲ್ಲ, ಅದರಾಗ ಏನೋ ಘೋಟಾಳಿ ಆಗೈತಂತ" ಅಂದೆ.

ಯಾಕೆ ಹಾಗಂದೆ? ನೌಕರಿಯ ಭಯ. ಆದರೆ ಶಬಾನಾಳ ಹೆಸರೇ ಯಾಕೆ ಬಾಯಿಗೆ ಬಂತು — ನನ್ನ ಬಾಯಿಗೆ ಮಣ್ಣು ಬೀಳಲಿ. ಆ ಹುಡುಗಿ ಹಟ ಹಿಡಿದು ಕಾರ್ಡಿನಲ್ಲಿ ತನ್ನ ಹೆಸರು ಸೇರಿಸಿಕೊಂಡದ್ದು ನಿನಗೆ ಮೊದಲೇ ಸೇರಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು. ಕಾಲಿಟ್ಟಳು, ಮನೆಯ ಅನ್ನ ಹೋಯಿತು ಅಂತ ದಿನಾ ನಿನ್ನ ಮಾತು. ನಿನ್ನ ಮಗ ಅವಳ ಪರ ನಿಲ್ಲಲಿಲ್ಲ. ಕಡೆಗೊಮ್ಮೆ ಅವಳು ಕೂಸನ್ನು ಎತ್ತಿಕೊಂಡು ಗೊರೇಬಾಳದ ತವರಿಗೆ ಹೋದಳು.

ನಾನು ಲಿಂಗಸುಗೂರಿಗೆ ಓಡಿದೆ. ನೋಂದಣಿ ತೆಗೆಸಿಬಿಡಿ ಅಂದೆ. ಬಾಕಿ ಉಳಿದ ರಿಟರ್ನುಗಳು ಮೊದಲು ಆಗಬೇಕು, ದಂಡ ಕಟ್ಟಬೇಕು, ಆಮೇಲೆ ರದ್ದು ಅಂದ ಟ್ಯಾಕ್ಸಿನವನು. ಎಲ್ಲ ಕಟ್ಟಿದೆ. ನೋಂದಣಿ ಹೋಯಿತು, ಕಾರ್ಡು ಬರಲಿಲ್ಲ. ಹೊಸ ಅರ್ಜಿ ಸದ್ಯಕ್ಕಿಲ್ಲ, ಕಾಯಿರಿ ಅಂತ ಕಚೇರಿಯವರು. ಯಾರ ಕಾಲು ಹಿಡಿಯಲಿ? ಹಿಡಿದರೂ ಯಾವ ಕಾರಣ ಹೇಳಲಿ?

ಹೋದ ವಾರ ನೀನೇ ಬಂದು, ಮೊಮ್ಮಗಳನ್ನು ನೋಡದೆ ಜೀವ ನಿಲ್ಲವಲ್ಲದು, ನೀವು ಹೋಗಿ ಶಬಾನಾಳನ್ನು ಕರೆದುಕೊಂಡು ಬರ್ರಿ, ನಿಮ್ಮ ಮಾತು ಕೇಳತಾಳ ಅಂದೆ. ಭಾನುವಾರ ಸಿಂಧನೂರು ಬಸ್ಸು ಹತ್ತಿದೆ, ಅಲ್ಲಿಂದ ಆಟೋ. ಅವರ ಮನೆಯ ಮುಂದೆ ಭತ್ತ ಒಣಹಾಕಿದ್ದರು. ಕೂಸು ಅದರ ಮೇಲೆಯೇ ಅಂಬೆಗಾಲಿಡುತ್ತಿತ್ತು. ಶಬಾನಾ ನನಗೆ ನೀರು ಕೊಟ್ಟಳು. ಬೈಯಲಿಲ್ಲ, ಅಳಲಿಲ್ಲ.

"ಅತ್ತಿ ಒಂದ್ಸಲ ನಿಂದು ತಪ್ಪಿಲ್ಲ ಅನ್ಲಿ ಅಕ್ಕೋರೆ. ಈಗಿಂದೀಗ ಬರ್ತೀನಿ" ಅಂದಳು.

ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಅವಳದು ತಪ್ಪಿಲ್ಲ ಅಂತ ನೀನು ಅನ್ನಬೇಕಾದರೆ ತಪ್ಪು ಯಾರದು ಅಂತ ನಾನು ಹೇಳಬೇಕು. ಹೇಳಿದರೆ ಮಾತು ಓಣಿಯಲ್ಲಿ ನಿಲ್ಲುವುದಿಲ್ಲ, ಇಲಾಖೆಗೂ ಹೋಗುತ್ತದೆ. ಹೇಳಿಯೇ ಬಿಡುತ್ತೇನೆ ಅಂದುಕೊಂಡು ಬಸ್ಸಿಳಿದೆ. ನೀನು ಬಾಗಿಲಲ್ಲೇ ನಿಂತಿದ್ದೆ, ನನ್ನ ಬೆನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ನೋಡುತ್ತ.

ಬರುವುದಿಲ್ಲವಂತೆ, ಅಂದೆ ನಾನು.

"ಹೋಗ್ಲಿ ಬಿಡ್ರಿ," ನೀನು ಸೆರಗಿನಿಂದ ಕಣ್ಣೊರೆಸಿಕೊಂಡೆ. "ನೀವರ ನಮ್ಮ ಸಲುವಾಗಿ ಎಷ್ಟ್ ಓಡಾಡ್ತೀರಿ."

ಅವಳು ಬರುತ್ತೇನೆ ಅಂದಿದ್ದಳು, ಹುಸೇನಬಿ. ಬರುವುದಿಲ್ಲ ಅಂದವಳು ನಾನು.