ಹರಳಿಗೆ ಹದಿನೈದು ದಿನ

ಈಶ್ವರ ಭಟ್ಟರು ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ. ಕಾಸರಗೋಡಿನ ಕಡೆಯ ಭಟ್ಟರು, ಮಡಿ ಜಾಸ್ತಿ ಇರಬೇಕು ಎಂದು ಮೈಸೂರಿನಿಂದ ಹೊಸದಾಗಿ ಕೆಲಸಕ್ಕೆ ಬಂದ ನಾನು ತೀರ್ಮಾನಿಸಿಬಿಟ್ಟೆ. ಅವತ್ತೇ ಅವರು ಉಗುರಿನಗಲದ ಕ್ವಾರ್ಟ್ಸ್ ಬಿಲ್ಲೆಯೊಂದನ್ನು ಮುಂದಿಟ್ಟು, "ಮುಟ್ಟು ಮಾರಾಯ್ತಿ" ಎಂದರು. ಮುಟ್ಟಿದೆ. ಅದಕ್ಕೆ ಜೋಡಿಸಿದ್ದ ಮೀಟರಿನ ಅಂಕಿ ಸರ್ರನೆ ಇಳಿಯಿತು; ಬೆರಳು ತೆಗೆದ ಮೇಲೂ ಮೊದಲಿನ ಜಾಗಕ್ಕೆ ಬರಲಿಲ್ಲ.

"ನಿನ್ನ ಬೆರಳಿನ ಜಿಡ್ಡಿಗೂ ತೂಕ ಉಂಟು. ಇದಕ್ಕೆ ಅದೂ ಗೊತ್ತಾಗ್ತದೆ."

ತಿರುವನಂತಪುರದ ಶ್ರೀಕಾರ್ಯಂನಲ್ಲಿದ್ದ ನಮ್ಮ ಸಣ್ಣ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಇವೇ ಹರಳುಗಳು, ಅವನ್ನು ಕೂರಿಸಿದ ವೈರ್‌ಲೆಸ್ ಸೆಟ್ಟುಗಳು. ತೆಳ್ಳಗೆ ಕೊಯ್ದ ಬಿಲ್ಲೆಯ ಎರಡೂ ಮೈಗೆ ಬೆಳ್ಳಿ ಲೇಪಿಸಿ, ಗಾಳಿಯಾಡದಂತೆ ಲೋಹದ ಡಬ್ಬಿಯಲ್ಲಿ ಮುಚ್ಚುತ್ತಿದ್ದೆವು. ಕರೆಂಟು ಕೊಟ್ಟರೆ ಅದು ಸೆಕೆಂಡಿಗೆ ಲಕ್ಷಾಂತರ ಸಲ ಒಂದೇ ಲಯದಲ್ಲಿ ಕಂಪಿಸುತ್ತದೆ. ವೈರ್‌ಲೆಸ್ ಸೆಟ್ಟು ದಾರಿ ತಪ್ಪದೆ ಮಾತಾಡುವುದು ಆ ಲಯದ ದಯೆಯಿಂದ. ಆದರೆ ಹೊಸ ಹರಳಿಗೆ ಹೊಸ ಅಳಿಯನ ಚಡಪಡಿಕೆ, ಲಯ ನಿಂತಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಭಟ್ಟರು ಹದಿನೈದು ದಿನ ಬಿಸಿಪೆಟ್ಟಿಗೆಯಲ್ಲಿಟ್ಟು ಕಾಯುತ್ತಿದ್ದರು. "ಸ್ವಲ್ಪ ವಯಸ್ಸಾಗ್ಲಿ. ಬುದ್ಧಿ ಬರ್ತದೆ."

ಭಟ್ಟರಿಗೂ ವಯಸ್ಸಾಗಿತ್ತು. ಅದನ್ನು ಮಾತ್ರ ಕಂಪನಿ ದೋಷವೆಂದು ಬರೆದುಕೊಂಡಿತ್ತು. ನಿವೃತ್ತಿಯ ನಂತರ ಅವರನ್ನು ವರ್ಷ ವರ್ಷ ಮುಂದುವರಿಸುತ್ತಿದ್ದರು, ಅಷ್ಟೆ. ಆ ವರ್ಷ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಕೊಚ್ಚಿಯ ಬೋಟುಗಳು ಕಡಲಿಗಿಳಿಯುವ ಮೊದಲೇ ವೈರ್‌ಲೆಸ್ ಸೆಟ್ಟು ಬೇಕೆಂದು ಎರ್ನಾಕುಲಂನ ಗಿರಾಕಿಯ ಅವಸರ.

"ನಾಲು ದಿವಸಂ ಮತಿ, ಸಾರೇ," ಎಂದು ಮ್ಯಾನೇಜರು, ಹದಿನೈದು ದಿನ ಆಗಿದೆ ಎಂದು ಬರೆದ ತಪಾಸಣೆಯ ಕಾಗದ ನೂಕಿದರು. ನಾಲ್ಕೇ ದಿನ ಸಾಕಂತೆ!

"ನಡುಕಡಲಲ್ಲಿ ಕೂಗಿದ್ದು ದಡಕ್ಕೆ ಕೇಳದಿದ್ರೆ ಬೋಟಿನವರು ಯಾರನ್ನು ಕೇಳುದು?" ಎಂದು ಭಟ್ಟರು ಪೆನ್ನು ಮುಚ್ಚಿದರು. ಮರುವಾರ ಅವರಿಗೆ ಹೂವಿನ ಹಾರ ಹಾಕಿ, ಕೇಕು ತಿನ್ನಿಸಿ ಕಳಿಸಿಕೊಟ್ಟೆವು. ಕಾಗದ ನನ್ನ ಮೇಜಿಗೆ ಬಂತು. ನನ್ನ ಕೆಲಸ ಕಾಯಂ ಆಗಲು ಇನ್ನೊಂದೇ ತಿಂಗಳಿತ್ತು. ಸಹಿ ಹಾಕಿದೆ. ನಾಚಿಕೆಗೇಡು.

ವಾರದೊಳಗೆ ದೂರು ಬಂತು: ಪರೀಕ್ಷೆಗಿಟ್ಟ ಕೆಲವು ಸೆಟ್ಟುಗಳು ಲಯ ತಪ್ಪುತ್ತಿವೆ. ಭಟ್ಟರನ್ನೇ ಕೇಳಿ ಹೇಗಾದರೂ ಸುಧಾರಿಸು ಎಂದು ಮ್ಯಾನೇಜರು ನನ್ನನ್ನು ಕೊಚ್ಚಿಗೆ ಓಡಿಸಿದರು. ಅಲ್ಲಿನ ಕಲೂರಿನಲ್ಲಿ ಮಗಳ ಮನೆಯಲ್ಲಿದ್ದ ಭಟ್ಟರು ಕನ್ನಡಕ ಏರಿಸಿ ನಾನು ಒಯ್ದಿದ್ದ ತಪಾಸಣೆಯ ಕಾಗದ ಓದಿದರು.

"ಸಹಿ ಚೆಂದ ಉಂಟು."

"ಬೈದುಬಿಡಿ ಸಾರ್."

"ಎಂತಕ್ಕೆ? ಸಹಿ ಹಾಕದೆ ನಾನು ಈ ಮನೆಗೆ ಬಂದೆ. ಸಹಿ ಹಾಕಿ ನೀನೂ ಇಲ್ಲಿಗೇ ಬಂದೆ." ಕಾಗದ ಮಡಚಿ ನನ್ನ ಕೈಗೆ ಕೊಟ್ಟು ಹೇಳಿದರು: "ಗಿರಾಕಿಗೆ ಫೋನು ಮಾಡು. ಬೋಟು ಹೊರಡುವ ಮೊದಲು ಎಲ್ಲಾ ಸೆಟ್ಟು ವಾಪಸು ಕಳಿಸ್ಲಿ. ಹರಳು ನಾಲ್ಕೇ ದಿನದ್ದು ಅಂತ ಹೇಳು."

ಅವರ ಜಗಲಿಯಲ್ಲೇ ನಿಂತು ಫೋನು ಮಾಡಿ ಹೇಳಿದೆ. ಸೆಟ್ಟುಗಳು ಕಾರ್ಖಾನೆಗೆ ವಾಪಸು ಬಂದವು. ಕಾರ್ಖಾನೆ ನನ್ನನ್ನು ಮನೆಗೆ ಕಳಿಸಿತು. ಮಳೆ ಕಡಿಮೆಯಾದ ಮೇಲೆ ಮತ್ತೆ ಕಲೂರಿಗೆ ಹೋದೆ. ಭಟ್ಟರು ತೀರಿಕೊಂಡು ಒಂಬತ್ತು ದಿನವಾಗಿತ್ತು. ಕೆಲಸ ಹೋಯಿತು ಸಾರ್ ಎಂದು ನಾನು ಹೆಮ್ಮೆಯಿಂದ ಹೇಳಬಹುದಾಗಿದ್ದದ್ದು ಅವರೊಬ್ಬರಿಗೇ.