ಸೌಟಿನ ಸಾಹೇಬರು

ಅವರ ಬಲಗೆನ್ನೆಯ ಗಡ್ಡ ದಟ್ಟವಾಗಿತ್ತು. ಎಡಗೆನ್ನೆಯದು ಬೀಜ ಸರಿಯಾಗಿ ಹುಟ್ಟದ ಹೊಲದ ಹಾಗೆ ತೆಳ್ಳಗಿತ್ತು. ಕೆತ್ತಿ ಮುಗಿಸಿದ ಪ್ರತಿ ಸೌಟನ್ನೂ ಅವರು ಎಡಗೆನ್ನೆಗೆ ಉಜ್ಜಿ ನೋಡುತ್ತಿದ್ದರು. ಉಳಿ ಹಿಡಿದು ಗಡುಸಾದ ಬೆರಳು ಸುಳ್ಳು ಹೇಳುತ್ತದೆ, ಕೆನ್ನೆ ಹೇಳುವುದಿಲ್ಲ ಎಂಬುದು ಅವರ ನಂಬಿಕೆ. ಹಾಗೆ ಉಜ್ಜಿ ಉಜ್ಜಿಯೇ ಗಡ್ಡ ಸವೆದಿತ್ತೆಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಎರಡೂ ಕಡೆ ಗಡ್ಡ ಒಂದೇ ಸಮ ಇತ್ತು, ನೀನು ಕತೆ ಕಟ್ಟುತ್ತೀಯ ಎಂದು ನನ್ನ ತಮ್ಮ ಜಗಳಕ್ಕೆ ಬರುತ್ತಾನೆ. ಇರಬಹುದು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ಊರು ನ್ಯಾಮತಿ. ಮರದ ಸೌಟು, ಮುದ್ದೆ ಕೋಲು, ಕಡಗೋಲುಗಳ ಚೀಲ ಹೊತ್ತು ಬಸ್ಸು ಬದಲಿಸುತ್ತ ನಮ್ಮ ಸಂತೇಬೆನ್ನೂರಿನ ಸಂತೆಗೆ ಬರುತ್ತಿದ್ದರು. ಅವರ ಹತ್ತಿರ ಸೌಟು ಕೊಳ್ಳುವುದು ಸುಲಭವಿರಲಿಲ್ಲ. ಮನೆಯಲ್ಲಿ ಎಷ್ಟು ಮಂದಿ, ಪಾತ್ರೆ ಮಣ್ಣಿನದೋ ಹಿತ್ತಾಳೆಯದೋ, ಸಾರಿಗೆ ಹುಳಿ ಎಷ್ಟು, ಎಲ್ಲ ಕೇಳುತ್ತಿದ್ದರು. ಒಮ್ಮೆ ಒಬ್ಬ ಹೆಂಗಸು ರೇಗಿ, "ಸಾಹೇಬ್ರೆ, ನಾನು ಸೌಟು ಕೇಳಾಕೆ ಬಂದೀನಿ, ಸಂಬಂಧ ಕೇಳಾಕಲ್ಲ" ಎಂದಳು.

"ಸಂಬಂಧ ಆಗಿದ್ರೆ ಇಷ್ಟು ವಿಚಾರಿಸ್ತಿರಲಿಲ್ಲ ಬಿಡ್ರಿ ಅಕ್ಕಾರೆ" ಎಂದರು ಅವರು.

ಸಾರಿಗೆ ಹಲಸಿನ ಸೌಟು, ಮುದ್ದೆಗೆ ಹುಣಸೆಯ ಕೋಲು. ಬೇವಿನದನ್ನು ಮಜ್ಜಿಗೆಗೆ ಕೇಳಿದರೆ ಕೊಡುತ್ತಲೇ ಇರಲಿಲ್ಲ. ಹುಣಸೆಯಾದರೆ ಜಗಳೂರು ಸೀಮೆಯದೇ ಆಗಬೇಕು. "ಹೊನ್ನಾಳಿ ಹೊಳೆ ದಂಡೆ ಮರ ಕುಂತಲ್ಲೇ ಉಂಡು ಕೊಬ್ಬಿರ್ತಾವೆ. ಜಗಳೂರಿನವು ಬಿಸಿಲು ತಿಂದಾವೆ, ಸೀಳಲ್ಲ" ಎನ್ನುವರು. ಸೌಟು ಕೊಟ್ಟ ಮೇಲೂ ಬಿಡುತ್ತಿರಲಿಲ್ಲ. ತೊಳೆದ ಕೂಡಲೇ ಒರೆಸಬೇಕು, ನೆರಳಲ್ಲಿ ನೇತು ಹಾಕಬೇಕು, ಅಮಾವಾಸ್ಯೆಗೊಮ್ಮೆ ಕುಸುಬೆ ಎಣ್ಣೆ ಸವರಬೇಕು, ನೀರಲ್ಲಿ ನೆನೆಹಾಕಲೇಬಾರದು. ಸಂತೆ ಮುಗಿದ ಮೇಲೆ ಮನೆ ಮನೆಗೆ ಹೋಗಿ ತಾವು ಕೊಟ್ಟ ಸೌಟನ್ನು ಹೊರಗೆ ತರಿಸಿ ನೋಡುವರು. ಶಾಲೆಗೆ ಇನ್‌ಸ್ಪೆಕ್ಟರ್ ಬಂದರೂ ಅಷ್ಟು ಗಾಬರಿ ಇರುತ್ತಿರಲಿಲ್ಲ.

ಹೀಗೆ ಎಲ್ಲರ ಮನೆಯ ಸೌಟು ಬಲ್ಲವರಾದ್ದರಿಂದ, ಹೆಣ್ಣು ಹುಡುಕುವವರು ಅವರನ್ನು ಒಂದು ಮಾತು ಕೇಳುವುದು ರೂಢಿಯಾಗಿತ್ತು. ಸೌಟು ನೋಡಿದರೆ ಮನೆ ನೋಡಿದ ಹಾಗೆ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ಎಂ.ಎ. ಮುಗಿಸಿ ಮನೆಯಲ್ಲಿದ್ದೆ. ಓದಿದ ಹುಡುಗಿ ಒಲೆ ಮುಂದೆ ಕೂರುತ್ತಾಳೆಯೇ ಎಂಬ ಅನುಮಾನಕ್ಕೆ ಎರಡು ಸಂಬಂಧ ತಪ್ಪಿದ್ದವು. ತಪ್ಪಿದ್ದಕ್ಕೆ ನನಗೇನೂ ದುಃಖವಿರಲಿಲ್ಲ. ಮೂರನೆಯದು ಗೋವಿನಕೋವಿಯ ಕಡೆಯ ಮೇಷ್ಟರು. ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳದೆ, ಈಗ ಏನು ಓದುತ್ತಿದ್ದೀರಿ ಎಂದು ಕೇಳಿದ್ದರು. ಇದು ತಪ್ಪಬಾರದು ಎಂದು ನನಗೆ ಅನ್ನಿಸಿತ್ತು. ಆದರೆ ಅವರ ತಾಯಿ ಸಾಹೇಬರಿಗೆ, "ಸಂತೆಗೆ ಹೋದಾಗ ಆ ಮನೇಲಿ ಒಂದು ಲೋಟ ನೀರು ಕುಡುದು ಬರ್ರಿ" ಎಂದು ಹೇಳಿದ್ದಾರೆಂದು ನಮ್ಮ ಸೋದರಮಾವ ಸುದ್ದಿ ತಂದ. ಅರ್ಥ ಎಲ್ಲರಿಗೂ ಆಯಿತು.

ಅದೇ ಸಂತೆಯ ದಿನ ಬೆಳಿಗ್ಗೆ ನಾನು ನಮ್ಮ ಸೌಟನ್ನು ಬಿಸಿನೀರಿನ ಪಾತ್ರೆಯಲ್ಲಿ ಬಿಟ್ಟು ಓದುತ್ತ ಕುಳಿತಿದ್ದೆ. ಅವ್ವ ತೆಗೆದು ನೋಡಿದರೆ ಉದ್ದಕ್ಕೆ ಸೀಳಿತ್ತು. ಅವ್ವ ನನ್ನನ್ನು ಬಯ್ಯಲೂ ಇಲ್ಲ, ಸೀದಾ ಪಕ್ಕದ ಮನೆಯ ದೊಡ್ಡಮ್ಮನ ಹತ್ತಿರ ಓಡಿ ಅವಳ ಸೌಟು ಇಸಿದುಕೊಂಡು ಬಂದಳು. ಆ ಮನೆಯದೂ ಸಾಹೇಬರು ಕೆತ್ತಿದ್ದೇ. ಅಂಥದೇ ಹಲಸು, ಅಷ್ಟೇ ಉದ್ದ.

ಸಂತೆ ಮುಗಿಸಿ ಸಾಹೇಬರು ಬಂದು ಜಗುಲಿಯ ಮೇಲೆ ಕುಳಿತರು. ಅವ್ವ ಸೌಟು ತಂದುಕೊಟ್ಟಳು. ಅವರು ಕೆನ್ನೆಗೆ ಉಜ್ಜಿದರು, ಮೂಸಿದರು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಚಲೋ ಇಟ್ಟೀರಿ ಅಕ್ಕಾರೆ. ದಿನಾ ಇದರಾಗೆ ಸಾರು ತಿರುವೋರು ಯಾರು?"

"ನಾನೇ ಸಾಹೇಬ್ರೆ. ಮಗಳೂ ತಿರುವ್ತಾಳೆ."

"ಇದು ಎಡಗೈಯೋರು ತಿರುವಿದ್ದು. ನೋಡ್ರಿ, ಬಲಗಡೆ ಅಂಚು ಸವೆದೈತೆ. ಬಲಗೈಯೋರಾದ್ರೆ ಎಡಗಡೆ ಸವೀತಿತ್ತು."

ದೊಡ್ಡಮ್ಮ ಎಡಚಿ ಎಂಬುದು ಅವ್ವನಿಗೆ ಆಗ ಹೊಳೆದಿರಬೇಕು. ಆದರೂ ಅವಳು ಸೋಲುವವಳಲ್ಲ.

"ಹೌದ್ರಿ, ನಾನು ಎಡಚಿ."

"ಹಂಗಾ? ಇಷ್ಟು ವರ್ಷ ನಾ ಗಮನಿಸೇ ಇಲ್ಲ ನೋಡ್ರಿ. ಇರಲಿ, ಒಂದು ಲೋಟ ನೀರು ಕೊಡ್ರಿ."

ನಮ್ಮ ಕಡೆ ಎಡಚರೂ ಬಂದವರಿಗೆ ನೀರು ಕೊಡುವುದು ಬಲಗೈಯಲ್ಲೇ. ಅವ್ವನಿಗೆ ಅದು ಮರೆತೇ ಹೋಯಿತು. ಬಲಗೈಯಲ್ಲಿ ತಂದ ಲೋಟವನ್ನು ಹೊಸ್ತಿಲಲ್ಲಿ ಎಡಗೈಗೆ ಬದಲಿಸಿ ಚಾಚಿದಳು. ಸಾಹೇಬರು ಎರಡೂ ಕೈಯಲ್ಲಿ ಇಸಿದುಕೊಂಡು, ಒಂದು ಹನಿ ಬಿಡದೆ ಕುಡಿದರು. ಅಷ್ಟರಲ್ಲಿ ಅಪ್ಪ ಬಂದ.

"ಏನೇ ಇದು, ಮನೆಗೆ ಬಂದೋರಿಗೆ ಎಡಗೈಲಿ ನೀರು ಕೊಡ್ತೀಯಾ?"

"ಬಯ್ಯಬ್ಯಾಡ್ರಿ ಅಣ್ಣಾರೆ. ಅವರು ಎಡಚಿ" ಎಂದರು ಸಾಹೇಬರು.

"ಎಡಚಿ? ಯಾವಾಗಿಂದ?"

"ಇವತ್ತು ಬೆಳಿಗ್ಗೆಯಿಂದ."

ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಸೀಳಿದ ಸೌಟನ್ನು ತಂದು ಅವರ ಮುಂದಿಟ್ಟೆ. ಅವರು ಅದನ್ನು ಮಡಿಲಲ್ಲಿಟ್ಟುಕೊಂಡು ಸೀಳಿನ ಉದ್ದಕ್ಕೂ ಉಗುರು ಆಡಿಸಿದರು.

"ಯಾರು ನೆನೆಹಾಕಿದ್ದು?"

"ನಾನೇ. ಓದ್ತಾ ಮರೆತುಬಿಟ್ಟೆ."

"ಏನು ಓದ್ತಿದ್ದಿ?"

"ಕತೆ."

"ಮುಗೀತಾ?"

"ಇಲ್ಲ."

"ಸೌಟೂ ಹೋತು, ಕತೆನೂ ಮುಗೀಲಿಲ್ಲ" ಎಂದು ಎದ್ದು, ಸೀಳಿದ ಸೌಟನ್ನು ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟರು. ಸಾಕ್ಷಿ ಅವರ ಜೊತೆ ಹೋಯಿತು, ಸಂಬಂಧವೂ ಹೋಯಿತು ಎಂದು ಅವ್ವ ತಲೆ ಮೇಲೆ ಕೈ ಹೊತ್ತು ಕುಳಿತಳು. ಆ ದಿನದ ನನ್ನ ದಿನಚರಿ ತೆಗೆದು ನೋಡಿದರೆ, "ಸೌಟಿನ ಸಾಹೇಬರು ಬಂದಿದ್ದರು. ವಿಪರೀತ ಸೆಕೆ" ಎಂದಷ್ಟೇ ಇದೆ. ಮರ್ಯಾದೆ ಉಳಿಸಿಕೊಳ್ಳಲು ನಾನು ದಿನಚರಿಗೂ ಸುಳ್ಳು ಹೇಳಿದ್ದೇನೆ.

ನಾಲ್ಕು ದಿನ ಕಳೆದ ಮೇಲೆ ಗೋವಿನಕೋವಿಯಿಂದ ಒಪ್ಪಿಗೆ ಬಂತು. ಯಾಕೆ ಎಂದು ನಾವು ಕೇಳಲಿಲ್ಲ. ಮದುವೆಯಾದ ಮೇಲೆ ಸಾಹೇಬರು ತಿಂಗಳಿಗೊಮ್ಮೆ ನಮ್ಮ ಅತ್ತೆಯ ಮನೆಗೂ ಬಂದು ನನ್ನ ಕೈಯಲ್ಲೇ ಸೌಟಿಗೆ ಎಣ್ಣೆ ಸವರಿಸಿ ಹೋಗುತ್ತಿದ್ದರು. ಹಳೆಯದನ್ನು ಎತ್ತಿ ಆಡಲಿಲ್ಲ.

ಏಳೆಂಟು ವರ್ಷದ ಮೇಲೆ ಅವರು ತೀರಿಕೊಂಡರು. ಅತ್ತೆ ಮತ್ತು ನಾನು ನ್ಯಾಮತಿಗೆ ಹೋದೆವು. ಒಳಗೆ ಅವರ ಹೆಂಡತಿಗೆ ಸಮಾಧಾನ ಹೇಳುತ್ತ ಕುಳಿತಾಗ ಗೋಡೆಗೆ ಸಾಲಾಗಿ ನೇತು ಹಾಕಿದ ಸೌಟುಗಳು ಕಂಡವು. ಎಲ್ಲವೂ ಸ್ಟೀಲು. ನಾನು ನೋಡಿದ್ದನ್ನು ನೋಡಿ ಆಕೆ ಅಳುವಿನ ನಡುವೆಯೇ, "ಮರದ್ದು ಇಟ್ಟಿದ್ರೆ ಆ ಮನುಷ್ಯನ ಜೊತೆ ಬಾಳಾಕೆ ಆಗ್ತಿತ್ತೇನವ್ವ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಬಾಯಿ ಬಿಟ್ಟರು. ಸಾಹೇಬರು ಅಂದು ಸೀಳಿದ ಸೌಟನ್ನು ಅವರ ಮುಂದಿಟ್ಟು ಹೇಳಿದ್ದರಂತೆ: "ಹುಡುಗಿಗೆ ಸೌಟು ಇಡಾಕೆ ಬರಲ್ಲ, ಅದನ್ನ ನಾ ಕಲಿಸ್ತೀನಿ. ಆದ್ರೆ ಅವರವ್ವ ಮಗಳ ಸಲುವಾಗಿ ನನ್ನೆದುರು ಎಡಚಿ ಆದ್ಲು. ಅಂಥ ಮನೆ ಬಿಡಬ್ಯಾಡ್ರಿ." ನನ್ನ ಗಂಡ ಇದನ್ನು ಒಪ್ಪುವುದಿಲ್ಲ. ತಾವು ಮೊದಲೇ ನಿರ್ಧಾರ ಮಾಡಿದ್ದಾಗಿಯೂ, ಸೌಟು ಸೀಳಿದ್ದು ತಮಗೆ ಗೊತ್ತೇ ಇರಲಿಲ್ಲವೆಂದೂ ಅವರ ವಾದ. ಯಾವುದು ನಿಜವೋ. ನಾನು ಅತ್ತೆಯ ಮಾತನ್ನು ನಂಬಲು ಇಷ್ಟಪಡುತ್ತೇನೆ.

ಮುಂದಿನ ಸಲ ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೈಯ ಹಿಟ್ಟು ಕೊಡವಿದಳು. ಆಮೇಲೆ ಕೇಳಿದಳು:

"ಅವರು ಬದುಕಿದ್ದಾಗಲೇ ನಿಮ್ಮತ್ತೆ ಹೇಳಬಾರದಾಗಿತ್ತೇನೇ? ಒಂದು ದಿನ ಕೂರಿಸಿ ಬಲಗೈಲಿ ಬಡಿಸ್ತಿದ್ದೆ."